ಯಜಮಾನನ ಫೋನ್ ನಂಬರು

ಕೆಲವರಿಗೆ ಮಲ್ಲಿಗೆಯ ಪರಿಮಳದಿಂದ ಹಳೆಯದು ನೆನಪಾಗುತ್ತದೆ, ಕೆಲವರಿಗೆ ಮೊದಲ ಮಳೆಗೆ ನೆಂದ ಮಣ್ಣಿನಿಂದ. ಅಂಥ ಭಾಗ್ಯ ನನ್ನದಲ್ಲ. ನನಗೆ ನೆನಪು ತರುವುದು ಸುಟ್ಟ ಬದನೆಕಾಯಿ.

ಈ ಮಾರ್ಚಿನಲ್ಲಿ ಯಾರದೋ ಪಿಎಚ್‌ಡಿ ಪರೀಕ್ಷೆಯ ಸಮಿತಿಗೆಂದು ಉತ್ತರ ಸ್ವೀಡನ್ನಿನ ಉಮೆಯೊಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ವಿಮಾನಕ್ಕೆ ಇನ್ನೂ ಹೊತ್ತಿತ್ತು. ಹಳೆಯ ಕಾಲುದಾರಿ ಹಿಡಿದು ಕೆರೆಯ ಕಡೆ ನಡೆದೆ. ನೀರು ಇನ್ನೂ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಬಿಸಿಲು ಮಾತ್ರ ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಉತ್ತರದ ಜನ ಈ ದಿನಗಳನ್ನು ಚಳಿಗಾಲವೆಂದೂ ಕರೆಯುವುದಿಲ್ಲ, ವಸಂತವೆಂದೂ ಕರೆಯುವುದಿಲ್ಲ. ವೋರ್‌ವಿಂಟರ್ ಎಂದು ಬೇರೆಯದೇ ಹೆಸರಿಟ್ಟು ತಮಗೊಂದು ಹೆಚ್ಚಿನ ಋತು ಮಾಡಿಕೊಂಡಿದ್ದಾರೆ. ಕೆರೆಯ ದಡದಲ್ಲಿ ಮೂರು ಕಡೆ ಹಲಗೆ ಹೊಡೆದ ಒಂದು ಗೂಡು, ಅದರ ಮುಂದೆ ಕಲ್ಲಿನ ಒಲೆ. ಯಾರು ಬೇಕಾದರೂ ಬಂದು ಬೆಂಕಿ ಹಾಕಬಹುದು, ಸೌದೆಯನ್ನು ಊರ ಪುರಸಭೆಯಾದ ಕಮ್ಯೂನಿನವರೇ ತಂದಿಡುತ್ತಾರೆ. ಅಲ್ಲಿ ಸಿಗುತ್ತೇನೆಂದು ಗೆಳೆಯ ಇಲಿಯಾಸ್ ಹೇಳಿದ್ದ. ಬರ್ಚ್ ಮರಗಳ ತಿರುವು ದಾಟುವ ಮೊದಲೇ ವಾಸನೆ ಬಂತು. ಅವನ ಮುಖ ಕಾಣುವ ಮೊದಲೇ ಎಂಟು ವರ್ಷದ ಹಿಂದಿನ ಆ ಚಳಿಗಾಲ ನನ್ನ ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತಿತು.

ಇಲಿಯಾಸ್ ಅವನ ನಿಜವಾದ ಹೆಸರಲ್ಲ. ಅವನ ದೇಶದ ಹೆಸರನ್ನೂ ನಾನು ಬರೆಯುವುದಿಲ್ಲ, ಯಾಕೆಂದರೆ ಅವನ ಅಮ್ಮ ಇನ್ನೂ ಅಲ್ಲಿದ್ದಾಳೆ.

ಆ ವರ್ಷ ನಾನು ಉಮೆಯೊದ ಒಂದು ಪ್ರಯೋಗಶಾಲೆಗೆ ಪೋಸ್ಟ್‌ಡಾಕ್ ಆಗಿ ಹೋಗಿದ್ದೆ. ಗಂಡ ಗಿರೀಶನಿಗೆ ದಕ್ಷಿಣದ ಶೋವ್ಡೆಯ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ. ಒಂದು ವರ್ಷ ಬೇರೆ ಬೇರೆ ಇರೋಣ ಎಂದು ನಾವಿಬ್ಬರೂ ಸಲೀಸಾಗಿ ಒಪ್ಪಿಕೊಂಡರೂ ಕುಂದಾಪುರದಲ್ಲಿ ನನ್ನ ಅಮ್ಮ ಒಪ್ಪಲಿಲ್ಲ. ನನ್ನ ಹತ್ತಿರ ವಾದ ಮಾಡಿ ಗೆಲ್ಲಲಾಗದು ಎಂದು ಗೊತ್ತಾದಾಗ ಅಮ್ಮ ಯಾವಾಗಲೂ ಮಾಡುವುದನ್ನೇ ಮಾಡಿದಳು. ದೊಡ್ಡಪ್ಪನಿಂದ ಬುದ್ಧಿ ಹೇಳಿಸಿದಳು. ದೊಡ್ಡಪ್ಪ ವಿಡಿಯೊದಲ್ಲಿ ಬಂದು, “ಗಂಡ ಒಂದ್ ಕಡೆ, ಹೆಂಡ್ತಿ ಒಂದ್ ಕಡೆ, ಎಂತ ಸಂಸಾರ ಮಾರಾಯ್ತಿ ಇದು?” ಎಂದರು. ಆಮೇಲೆ “ಅಲ್ಲಿ ಭಾರಿ ಚಳಿಯಂತೆ, ಕಾಲಿಗೆ ಸಾಕ್ಸ್ ಹಾಕ್ಕೊ” ಎಂದು ಹೇಳಿ ಫೋನಿಟ್ಟರು. ಅಲ್ಲಿಗೆ ಅಮ್ಮನಿಗೂ ಸಮಾಧಾನ. ನಮ್ಮ ಕಡೆ ಮಾತು ಕೇಳದ ಮಕ್ಕಳಿಗೆ ದೊಡ್ಡವರಿಂದ ಒಂದು ಮಾತು ಹೇಳಿಸುವುದು ಅಂದರೆ ಇಷ್ಟೇ. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಹೊರಗಿನಿಂದ ಬಂದ ಸಂಶೋಧಕರಿಗೆ ಕೊಟ್ಟಿದ್ದ ಕಟ್ಟಡದಲ್ಲಿ ನನ್ನದೊಂದು ಕೋಣೆ, ಎದುರಿನದು ಇಲಿಯಾಸನದು, ನಡುವೆ ಇಬ್ಬರಿಗೂ ಸೇರಿ ಒಂದು ಅಡುಗೆಮನೆ. ನಾವು ಗೆಳೆಯರಾದದ್ದು ಬದನೆಕಾಯಿಯಿಂದಲೇ. ಅವನು ಒಂದು ಭಾನುವಾರ ಬದನೆಕಾಯಿಯನ್ನು ನೇರ ಕರೆಂಟ್ ಒಲೆಯ ಮೇಲಿಟ್ಟ. ಹೊಗೆಗೆ ಅಲಾರಾಂ ಬಡಿದುಕೊಂಡು ಇಡೀ ಕಟ್ಟಡದ ಜನ ಚಪ್ಪಲಿಯಲ್ಲೇ ಹಿಮದ ಮೇಲೆ ನಿಲ್ಲಬೇಕಾಯಿತು. ಸ್ವೀಡನ್ನಿನವರು ಬಯ್ಯುವುದಿಲ್ಲ. ಮರುದಿನ ಗೋಡೆಯ ಮೇಲೆ ಬಹಳ ವಿನಯದ ಒಂದು ನೋಟೀಸು ಕಾಣಿಸಿಕೊಂಡಿತು, ಅಷ್ಟೆ. ಅಂದಿನಿಂದ ನಮ್ಮ ಭಾನುವಾರದ ಅಡುಗೆ ಕೆರೆಯ ದಡಕ್ಕೆ ವರ್ಗವಾಯಿತು. ಸ್ಪೇನಿನಿಂದ ಬಂದ, ಪ್ಲಾಸ್ಟಿಕ್ಕಿನಂತೆ ಹೊಳೆಯುವ ಬದನೆಕಾಯಿ. ಸುಟ್ಟು ಸಿಪ್ಪೆ ತೆಗೆದ ಮೇಲೆ ಅರ್ಧಕ್ಕೆ ಅವನು ಬೆಳ್ಳುಳ್ಳಿ, ನಿಂಬೆರಸ ಹಾಕುತ್ತಿದ್ದ; ಇನ್ನರ್ಧಕ್ಕೆ ನಾನು ಹಸಿಮೆಣಸು, ಹುಣಸೆ ಕಿವುಚಿ ಗೊಜ್ಜು ಮಾಡುತ್ತಿದ್ದೆ. ಅಲ್ಲಿಂದಲೇ ಅವನ ಅಮ್ಮನಿಗೆ ವಿಡಿಯೊ ಕರೆ. ಅರ್ಧ ಇಂಗ್ಲಿಷ್, ಅರ್ಧ ಮುರುಕು ಸ್ವೀಡಿಷಿನಲ್ಲಿ ಅವನು ನನಗೆ ಅನುವಾದ ಮಾಡುತ್ತಿದ್ದ. ಆಕೆ ನನಗೆ ‘ಬದನೆಕಾಯಿ ಹುಡುಗಿ’ ಎಂದು ಹೆಸರಿಟ್ಟಿದ್ದಳು.

ಅಮ್ಮನ ಪಕ್ಕದಲ್ಲಿ ಯಾವಾಗಲೂ ಅವನ ತಂಗಿ ನೋರಾ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವಳು, ವಾಚಾಳಿ. ಉಮೆಯೊದಲ್ಲೇ ಅವಳಿಗೆ ಮಾಸ್ಟರ್ಸ್‌ಗೆ ಸೀಟು ಸಿಕ್ಕಿತ್ತು, ಆಗಸ್ಟಿನಲ್ಲಿ ಬರುವವಳಿದ್ದಳು. ಇಲಿಯಾಸ್ ಆಗಲೇ ಅವಳಿಗೆಂದು ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಕೆಂಪು ಸೈಕಲ್ ತಂದು, ಕಟ್ಟಡದ ಮುಂದೆ ನನ್ನ ಸೈಕಲ್ಲಿಗೆ ಸೇರಿಸಿ ಬೀಗ ಹಾಕಿದ್ದ. ಹಿಮದ ಮೇಲೆ ಸೈಕಲ್ ಹೊಡೆಯಲು ನಾನೇ ಕಲಿಸಬೇಕೆಂದು ಅವಳ ಹುಕುಂ. ಅದನ್ನು ಕಲಿಯುತ್ತ ನಾನೇ ಮೂರು ಸಲ ಬಿದ್ದಿದ್ದೆ ಎಂದು ಅವಳಿಗೆ ಹೇಳಲಿಲ್ಲ.

ಅವರ ದೇಶ ಆ ಹೊತ್ತಿಗೆ ಮುಗ್ಗರಿಸಿ ಬಿದ್ದಿತ್ತು. ಸರ್ಕಾರಗಳು ಬಾಡಿಗೆ ಮನೆಗೆ ಬಂದವರಂತೆ ಬಂದು ಹೋಗುತ್ತಿದ್ದವು. ದಿನಕ್ಕೆ ಒಂದೆರಡು ಗಂಟೆ ಕರೆಂಟು. ಬ್ರೆಡ್ಡಿಗೆ ಸಾಲು. ಇಲಿಯಾಸನ ಅಮ್ಮನಿಗೆ ಸಕ್ಕರೆ ಕಾಯಿಲೆ. ಫ್ರಿಜ್ ನಿಂತುಹೋಗಿದ್ದರಿಂದ ಇನ್ಸುಲಿನ್ನನ್ನು ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳಿನ ನಡುವೆ ಇಡುತ್ತಿದ್ದಳು. ಅದೂ ಸಿಗದ ವಾರಗಳಿದ್ದವು. ಕರೆಯ ನಡುವೆ ದೀಪ ಆರಿದರೆ ಕತ್ತಲಲ್ಲೇ ಆಕೆಯ ದನಿ ಮಾತ್ರ ಕೇಳುತ್ತಿತ್ತು. “ಸೂಜಿ ಚುಚ್ಕೋತಿದೀನಿ, ಇರು.” ಇಲಿಯಾಸ್ ಫೋನನ್ನು ಕಿವಿಗೊತ್ತಿ ಕಾಯುತ್ತಿದ್ದ.

ಸರ್ವಾಧಿಕಾರಿ ಎಂದರೆ ಬೂಟು ಕುಟ್ಟುತ್ತ, ಕತ್ತಿ ಹಿರಿದುಕೊಂಡು ಬರುತ್ತಾನೆ ಎಂದು ನಾನು ತಿಳಿದಿದ್ದೆ. ಅವರ ದೇಶಕ್ಕೆ ಈತ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿಸುತ್ತ ಬಂದ. ಮೊದಲು ವಿದ್ಯುತ್ ಮಂತ್ರಿಯಾಗಿದ್ದವನು. ತೋಳು ಮಡಚಿಕೊಂಡು ತಾನೇ ಕಂಬದ ಬುಡದಲ್ಲಿ ನಿಂತ. ನವೆಂಬರಿನಲ್ಲಿ ಅಮ್ಮನ ಬೀದಿಗೆ ರಾತ್ರಿಯಿಡೀ ದೀಪ ಬಂತು. ಆಮೇಲೆ ಹಿಟ್ಟು ಬಚ್ಚಿಟ್ಟ ವ್ಯಾಪಾರಿಗಳ ಗೋದಾಮಿನ ಬೀಗ ಒಡೆಸಿ, ಅವರ ಕೈಗೆ ಕೋಳ ಹಾಕಿಸಿದ್ದನ್ನು ಟಿವಿಯಲ್ಲಿ ತೋರಿಸಿದ. ಬ್ರೆಡ್ಡಿನ ಸಾಲು ಕರಗಿತು. ಜನ ಅವನನ್ನು ಯಜಮಾನ ಎನ್ನತೊಡಗಿದರು. ಅವರ ಭಾಷೆಯ ಶಬ್ದ ಬೇರೆ, ಅರ್ಥ ನಮ್ಮ ಮನೆಯ ಯಜಮಾನನದೇ. ಡಿಸೆಂಬರಿನಲ್ಲಿ ಯಜಮಾನ ಎಲ್ಲರಿಗೂ ಒಂದು ಫೋನ್ ನಂಬರು ಕೊಟ್ಟ. ಏನೇ ಕಷ್ಟವಿದ್ದರೂ ಈ ನಂಬರಿಗೆ ಹೇಳಿ, ನನಗೇ ಹೇಳಿದ ಹಾಗೆ ಎಂದ.

ಅಮ್ಮ ಹೇಳಿದಳು. ಮರುದಿನ ಒಬ್ಬ ಹುಡುಗ ಐಸ್ ಡಬ್ಬಿಯಲ್ಲಿ ಇನ್ಸುಲಿನ್ ತಂದು ಬಾಗಿಲಿಗೆ ಕೊಟ್ಟು, “ಆರೋಗ್ಯ ನೋಡ್ಕೊಳ್ಳಿ ಅಮ್ಮಾ” ಎಂದು ಹೋದ. ಮುಂದಿನ ಭಾನುವಾರ ಆಕೆಯ ಫ್ರಿಜ್ಜಿನ ಮೇಲಿನ ಗೋಡೆಯಲ್ಲಿ ಯಜಮಾನನ ಪಟ ತೂಗುತ್ತಿತ್ತು. ನೋರಾ ಕರೆ ನಡೆಯುವಷ್ಟು ಹೊತ್ತೂ ಅದರ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಕಿಟ್ಟಳು. ಅಮ್ಮ ತೆಗೆದರೆ ಇವಳು ಮತ್ತೆ ಹಾಕುವಳು. ನಾವು ನಾಲ್ವರೂ ನಕ್ಕೆವು. ನಗುವ ವಿಷಯವೇ ಆಗಿತ್ತು ಆಗ.

ನಾನು ಒಂದು ಸಲ ಇಲಿಯಾಸನಿಗೆ, “ಒಬ್ಬನೇ ಎಲ್ಲಾ ಮಾಡ್ತಾನೆ ಅಂದ್ರೆ ನಂಗ್ಯಾಕೋ ಹೆದರಿಕೆ” ಎಂದೆ. ಅವನಿಗೆ ಸಿಟ್ಟು ಬಂತು. “ಕತ್ತಲಲ್ಲಿ ಸೂಜಿ ಚುಚ್ಚಿಕೊಳ್ಳೋದು ನಿನ್ನಮ್ಮ ಅಲ್ಲ, ಸುಮನಾ” ಎಂದ. ಹಸಿವು ರುಚಿ ಅರಿಯದು ಎಂಬ ಗಾದೆ ಹೇಳುವುದಕ್ಕೆ ಸುಲಭ, ಹಸಿದವರ ಮುಂದೆ ನಿಂತು ಹೇಳುವುದು ಕಷ್ಟ.

ಜನವರಿಯಲ್ಲಿ ಯಜಮಾನ ದೇಶಕ್ಕೆ ಒಂದು ಪ್ರಶ್ನೆ ಕೇಳಿದ. ಕೆಲಸ ಮುಗಿಸಲು ಸಂಸತ್ತಿನವರು ಬಿಡುತ್ತಿಲ್ಲ, ಸ್ವಲ್ಪ ಕಾಲ ಅವರಿಗೆ ರಜೆ ಕೊಡೋಣವೆ? ಇಷ್ಟೇ ಪ್ರಶ್ನೆ. ಇಲಿಯಾಸ್ ರಾತ್ರಿ ರೈಲು ಹಿಡಿದು ಸ್ಟಾಕ್‌ಹೋಮಿಗೆ ಹೋಗಿ, ತನ್ನ ದೇಶದ ರಾಯಭಾರ ಕಚೇರಿಯಲ್ಲಿ ಸಾಲು ನಿಂತು, ಹೌದು ಎಂದು ಮತ ಹಾಕಿ ಬಂದ. ಬರುವಾಗ ಅವರ ಕಡೆಯ ಬಾದಾಮಿ ಸಿಹಿಯ ಡಬ್ಬಿ ತಂದಿದ್ದ. ಹೌದು ಗೆದ್ದು ಸಂಸತ್ತು ಮುಚ್ಚಿದ ದಿನ, ಪ್ರಯೋಗಶಾಲೆಯವರೆಲ್ಲ ಸೇರುವ ಮೂರು ಗಂಟೆಯ ಫೀಕಾದಲ್ಲಿ ಕಾಫಿಯ ಜೊತೆ ಎಲ್ಲರಿಗೂ ಹಂಚಿದ. ಒಂದು ಕಾಫಿ ಯಂತ್ರ ಕೊಳ್ಳಲು ಎರಡು ಮೀಟಿಂಗ್ ಮಾಡಿ ಕೈ ಎತ್ತಿಸುವ ಸ್ವೀಡನ್ನಿನವರು, ಸಂಸತ್ತು ಮುಚ್ಚಿದ ಸಿಹಿಯನ್ನು ಚಪ್ಪರಿಸಿ, ಇದರಲ್ಲಿ ಏಲಕ್ಕಿ ಇದೆಯಾ ಎಂದು ಕೇಳಿದರು.

ಆ ರಾತ್ರಿ ಇದನ್ನೆಲ್ಲ ಗಿರೀಶನಿಗೆ ಹೇಳಿದರೆ ಅವನು ಖುಷಿಯಾದ.

“ಸೂಪರ್ ಅಲ್ವೇನೆ! ಕಾಲ್ ಮಾಡಿದ್ರೆ ನೆಕ್ಸ್ಟ್ ಡೇ ಇನ್ಸುಲಿನ್. ಇಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಲೆ ವೇಟ್ ಮಾಡ್ತೀವಿ. ನಮಗೂ ಇಂಥವ್ನೇ ಒಬ್ಬ ಬೇಕು ಕಣೆ.”

“ಪಾರ್ಲಿಮೆಂಟ್ ಮುಚ್ಚಿಸ್ದ ಅಂದೆನಲ್ಲ, ಅದು ಕೇಳಿಸ್ಲಿಲ್ವಾ?”

“ಟೆಂಪರರಿ ತಾನೆ? ಡಿಸಿಪ್ಲಿನ್ ಬರೋವರೆಗೆ.”

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ವಾರಕ್ಕೆ ಎರಡು ಸಲ ಯೂನಿಯನ್ ಮೀಟಿಂಗಿಗೆ ಹೋಗಿ, ಶಿಫ್ಟ್ ಹತ್ತು ನಿಮಿಷ ಹೆಚ್ಚು ಮಾಡಿದರೆಂದು ಮ್ಯಾನೇಜರಿನ ಎದುರು ಕೂತು ವಾದ ಮಾಡುವ ಮನುಷ್ಯ ಇವನು. ಅವನಿಗೆ ಬೇಕಾದ ಯಜಮಾನ ಬೇರೆಯವರ ಮನೆಗೆ.

ಆಮೇಲಿನದು ಬೇಗ ಬೇಗ ಆಯಿತು. ನ್ಯಾಯಾಧೀಶರನ್ನು ವಯಸ್ಸಾಯಿತೆಂದು ಮನೆಗೆ ಕಳಿಸಿದರು. ಎರಡು ಟಿವಿ ಚಾನಲ್‌ಗಳು ದುರಸ್ತಿಯ ಹೆಸರಿನಲ್ಲಿ ನಿಂತವು. ಪ್ರತಿಯೊಂದು ಬಾಗಿಲು ಮುಚ್ಚಿದ ದಿನವೂ ಜನರಿಗೆ ಏನಾದರೂ ಸಿಗುತ್ತಿತ್ತು, ಅದೇ ಅವನ ಜಾಣತನ. ಇವತ್ತು ಎಣ್ಣೆ, ನಾಳೆ ರಸ್ತೆಗೆ ಡಾಂಬರು. ಫೆಬ್ರವರಿಯ ಕೊನೆಗೆ ಶಾಲೆಗಳಿಗೆ ಆಜ್ಞೆ ಬಂತು: ಚರಿತ್ರೆ ಪುಸ್ತಕದಲ್ಲಿ ಸಂಸತ್ತು ಹುಟ್ಟಿದ ಕಥೆಯಿರುವ ಕೊನೆಯ ಪಾಠದ ಹಾಳೆಗಳನ್ನು ಮಕ್ಕಳಿಂದಲೇ ಅಂಟಿಸಿ ಮುಚ್ಚಿಸಬೇಕು. ನೋರಾ ಒಪ್ಪಲಿಲ್ಲ. ಜೊತೆಯ ಮೇಷ್ಟ್ರುಗಳೊಂದಿಗೆ ಸಂಜೆ ಹೊತ್ತು ಊರ ಚೌಕದಲ್ಲಿ ಪುಸ್ತಕ ತೆರೆದು ಹಿಡಿದುಕೊಂಡು ನಿಲ್ಲತೊಡಗಿದಳು. ಕೂಗುವುದಿಲ್ಲ, ಭಾಷಣವಿಲ್ಲ. ಆ ಪಾಠವನ್ನು ಗಟ್ಟಿಯಾಗಿ ಓದುವುದು, ಮನೆಗೆ ಬರುವುದು.

ಇಲಿಯಾಸನಿಗೆ ಆಗ ಮೊದಲ ಬಾರಿ ಬೆವರು ಬಂತು. ಭಾನುವಾರ ಒಲೆಯ ಮುಂದೆ ಕೂತು ತಂಗಿಯ ಹತ್ತಿರ ಜಗಳವಾಡಿದ. “ಆಗಸ್ಟ್‌ವರೆಗೆ ಬಾಯಿ ಮುಚ್ಕೊಂಡಿರು. ಇಲ್ಲಿಗೆ ಬಂದ್ಮೇಲೆ ಎಷ್ಟು ಬೇಕಾದ್ರೂ ಓದು.” ಅವಳು ನಗುತ್ತ, “ಅಲ್ಲಿ ಓದಿದ್ರೆ ನಿನ್ನ ಕೆರೆಯ ಮೀನುಗಳು ಕೇಳ್ತವಾ?” ಎಂದಳು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಸೈಕಲ್ಲಿಗೆ ಬೆಲ್ ಇದೆಯೋ ಇಲ್ಲವೋ ಎಂದು ಕೇಳಿದಳು. ಇಲ್ಲ ಎಂದೆ. ಹಾಕಿಸಿಡು ಎಂದಳು. ನಾನು ಕೇಳಿದ ಅವಳ ಕೊನೆಯ ಮಾತು ಅದು.

ಮುಂದಿನ ಭಾನುವಾರ ಇವತ್ತಿನಂತೆಯೇ ಬಿಸಿಲಿತ್ತು. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ, ಅದರ ಮೇಲೆ ಕಾಲು ಹೂಳದೆ ನಡೆಯಬಹುದಿತ್ತು. ಬದನೆಕಾಯಿ ಬೆಂಕಿಯಲ್ಲಿತ್ತು. ಕರೆಯಲ್ಲಿ ಅಮ್ಮ ಒಬ್ಬಳೇ. ಪಟದ ಮೇಲೆ ಬಟ್ಟೆ ಇರಲಿಲ್ಲ. ಆಕೆಯ ಮುಖ ಸಂತೋಷವಾಗಿಯೇ ಇತ್ತು. ಏನೋ ಬಹಳ ಹೊತ್ತು ಹೇಳಿದಳು, ಕೈ ತಿರುಗಿಸಿ ಹೇಳಿದಳು. ಇಲಿಯಾಸ್ ಅನುವಾದ ಮಾಡಲಿಲ್ಲ. ಸುಮ್ಮನೆ ಹೂಂಗುಟ್ಟಿದ. ಒಂದೆರಡು ಪ್ರಶ್ನೆ ಕೇಳಿದ. ಫೋನಿಟ್ಟ ಮೇಲೆ ಬೆಂಕಿಯನ್ನೇ ನೋಡುತ್ತ ಕೂತ. ಬದನೆಕಾಯಿ ಸುಟ್ಟು ಇದ್ದಿಲಾಗುವವರೆಗೂ ನಾವಿಬ್ಬರೂ ಅದನ್ನು ತೆಗೆಯಲಿಲ್ಲ.

ಆಮೇಲೆ ಹೇಳಿದ. ಮಗಳು ಮಾತು ಕೇಳುತ್ತಿಲ್ಲವೆಂದು ಅಮ್ಮ ಯಜಮಾನನ ನಂಬರಿಗೆ ಫೋನ್ ಮಾಡಿದ್ದಳು. ದೂರು ಕೊಡಲು ಅಲ್ಲ. “ಹಟಮಾರಿ ಹುಡುಗಿ, ಮನಸ್ಸು ಒಳ್ಳೇದು. ಚೌಕಕ್ಕೆ ಹೋಗಿ ನಿಲ್ತಾಳೆ, ದೇಶ ಬಿಟ್ಟು ಹೋಗ್ತೀನಿ ಅಂತಾಳೆ. ನನ್ನ ಮಾತು ಕೇಳಲ್ಲ. ನಿಮ್ಮಲ್ಲಿ ಯಾರಾದ್ರೂ ದೊಡ್ಡವರು ಒಂದು ಮಾತು ಹೇಳಿ” ಎಂದಿದ್ದಳು. ಆಗಲಿ ಅಮ್ಮಾ ಎಂದಿದ್ದರು. ಗುರುವಾರ ಸಂಜೆ ಇಬ್ಬರು ಬಂದರು. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಬಂದರಂತೆ. ಅದನ್ನು ಅಮ್ಮ ಎರಡು ಸಲ ಹೇಳಿದಳು, ಎಷ್ಟು ಮರ್ಯಾದಸ್ಥರು ಎಂದು. ಚಹಾ ಕುಡಿದರು. ಇಲ್ಲಿ ಬೇಡ, ಕಚೇರಿಯಲ್ಲಿ ಹಿರಿಯರೊಬ್ಬರು ಮಾತಾಡುತ್ತಾರೆ ಎಂದು ನೋರಾಳನ್ನು ಕರೆದುಕೊಂಡು ಹೋದರು. “ಮೂರು ದಿನ ಆಯ್ತು. ಅವಳ ತಲೆಗೆ ಹತ್ತಿಸೋಕೆ ಅವರಿಗೂ ಟೈಮ್ ಬೇಕಲ್ಲ” ಎಂದು ಅಮ್ಮ ನಕ್ಕಿದ್ದಳು.

ನನಗೆ ದೊಡ್ಡಪ್ಪನ ನೆನಪಾಯಿತು. ಸಾಕ್ಸ್ ಹಾಕ್ಕೊ ಎಂದದ್ದು ನೆನಪಾಯಿತು. ಜಗತ್ತಿನ ಯಾವ ಮೂಲೆಯ ತಾಯಿಯಾದರೂ ಮಾಡುವ ಕೆಲಸವನ್ನೇ ಆಕೆ ಮಾಡಿದ್ದಳು. ಮನೆಯ ಯಜಮಾನನೆಂದು ಹೇಳಿಕೊಂಡವನನ್ನು ಮನೆಯವನೆಂದೇ ನಂಬಿದ್ದಳು. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ.

“ಅಮ್ಮನಿಗೆ ನಿಜ ಹೇಳು. ಈಗಲೇ ಹೇಳು” ಎಂದೆ. “ಇಲ್ದಿದ್ರೆ ಇನ್ನೂ ಫೋನ್ ಮಾಡ್ತಾಳೆ. ನೋರಾಳ ಜೊತೆಯವರ ಹೆಸರೂ ಹೇಳ್ತಾಳೆ.”

“ಹೆಸರು ಹೇಳಾಯ್ತು” ಎಂದ ಇಲಿಯಾಸ್. “ಮನೆಗೆ ಬಂದವರೇ ಕೇಳಿದ್ರಂತೆ. ಪಾಪ, ಆ ಮಕ್ಕಳಿಗೂ ಬುದ್ಧಿ ಬರಲಿ ಅಂತ ಎಲ್ಲರ ಹೆಸರೂ ಹೇಳಿದ್ಲಂತೆ.”

ಮರುದಿನದಿಂದ ಅವನು ಮನುಷ್ಯನಾಗಿ ಉಳಿಯಲಿಲ್ಲ. ಗೊತ್ತಿದ್ದ ಕಡೆಗೆಲ್ಲ ಬರೆದ, ಫೋನ್ ಮಾಡಿದ. ವಕೀಲರೊಬ್ಬರು ಸಿಕ್ಕರು, ಒಂದು ವಾರಕ್ಕೆ ಅವರೂ ಫೋನ್ ಎತ್ತುವುದು ಬಿಟ್ಟರು. ತಾನೇ ಹೊರಟು ನಿಂತಾಗ, ಅಲ್ಲಿಂದ ಗೆಳೆಯನೊಬ್ಬ ಬರಬೇಡವೆಂದು ತಿಳಿಸಿದ. ನೀನೂ ಹೋದರೆ ಅಮ್ಮನಿಗೆ ಯಾರು ಎಂದು ಕೇಳಿದ. ಪ್ರಯೋಗಶಾಲೆಯ ಮುಖ್ಯಸ್ಥೆ ಅವನ ಭುಜ ಮುಟ್ಟಿ, ಎಷ್ಟು ಬೇಸರದ ವಿಷಯ, ಬೇಕಾದಷ್ಟು ರಜೆ ತಗೋ ಎಂದಳು. ಒಳ್ಳೆಯ ಹೆಂಗಸು. ಮೂರು ಗಂಟೆಗೆ ಫೀಕಾ ಆಯಿತು.

ಗಿರೀಶನಿಗೆ ಹೇಳುವಾಗ ನಾನು ಅತ್ತೆ. ಅವನು “ಸುಮ್‌ಸುಮ್ನೆ ಯಾರನ್ನೂ ಕರ್ಕೊಂಡ್ ಹೋಗಲ್ಲ ಕಣೆ. ಅವ್ಳೂ ಏನೋ ಮಾಡಿರ್ತಾಳೆ” ಎಂದ. ಫೋನಿಟ್ಟುಬಿಟ್ಟೆ. ನಮ್ಮಿಬ್ಬರ ನಡುವೆ ಅಂದು ಬಿದ್ದ ಬಿರುಕು ಇವತ್ತಿಗೂ ಮುಚ್ಚಿಲ್ಲ. ಅವನಿಗೆ ಆ ಮಾತು ಆಡಿದ್ದೂ ನೆನಪಿಲ್ಲ. ಕಳೆದ ಯುಗಾದಿ ಊಟಕ್ಕೆ ಬಂದ ಕನ್ನಡದವರ ಮುಂದೆ ಹೋಳಿಗೆ ಮುರಿಯುತ್ತ, ದೇಶ ಅಂದರೆ ಒಬ್ಬ ಖಡಕ್ ಮನುಷ್ಯ ಇರಬೇಕು ಎಂದು ಭಾಷಣ ಮಾಡಿದ. ಎಲ್ಲರೂ ತಲೆಯಾಡಿಸಿದರು. ನಾನು ತುಪ್ಪ ಬಡಿಸಿದೆ.

ಆಗಸ್ಟ್ ಬಂತು, ನೋರಾ ಬರಲಿಲ್ಲ. ನಾನು ಕೆಲಸ ಮುಗಿಸಿ ಶೋವ್ಡೆಗೆ ಹೊರಡುವ ದಿನ ನನ್ನ ಸೈಕಲ್ಲಿನ ಬೀಗ ತೆಗೆದೆ. ಕೆಂಪು ಸೈಕಲ್ ಒಂದೇ ಉಳಿಯಿತು, ಬೆಲ್ ಹಾಕಿಸಿದ್ದೆ.

ಈ ಮಾರ್ಚಿನಲ್ಲಿ ಇಲಿಯಾಸನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನಿಗೀಗ ಸ್ವೀಡನ್ನಿನ ಪೌರತ್ವ ಇದೆ, ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸವಿದೆ. ನಾನು ಬಂದದ್ದು ನೋಡಿ ಬದನೆಕಾಯಿ ತಿರುವಿ ಹಾಕಿದ. ಸಂಸತ್ತಿನ ರಜೆ ಇನ್ನೂ ಮುಗಿದಿಲ್ಲ ಎಂದ. ನೋರಾಳ ಸುದ್ದಿ ಏನೂ ಇಲ್ಲವೆಂದು ತಲೆಯಲ್ಲಾಡಿಸಿದ. ಇದ್ದಾಳೆಂದೂ ಇಲ್ಲ, ಇಲ್ಲವೆಂದೂ ಇಲ್ಲ.

“ಅಮ್ಮನಿಗೆ ನಿಜ ಹೇಳಿದ್ಯಾ?”

“ಏನಂತ ಹೇಳ್ಲಿ? ಯಜಮಾನನಿಗೆ ಈ ವಿಷಯ ಗೊತ್ತೇ ಇಲ್ಲ, ಕೆಳಗಿನವರು ಮುಚ್ಚಿಟ್ಟಿದಾರೆ ಅಂತ ನಂಬ್ಕೊಂಡಿದಾಳೆ. ಅವನಿಗೆ ಗೊತ್ತಾದ ದಿನ ನೋರಾ ಬರ್ತಾಳಂತೆ. ಅದಕ್ಕೇ ಪ್ರತಿ ವಾರ ಆ ನಂಬರಿಗೆ ಮಾಡ್ತಾಳೆ. ಪರಿಶೀಲನೆಯಲ್ಲಿದೆ ಅಮ್ಮಾ ಅಂತಾರೆ. ಒಂದು ದಿನಾನೂ ಗದರಿಲ್ಲ.”

ಸಿಪ್ಪೆ ಬಿಡಿಸತೊಡಗಿದ. ಬೆರಳು ಸುಟ್ಟರೂ ಅವನಿಗೆ ಪರಿವೆಯಿರಲಿಲ್ಲ.

“ಹೋದ ತಿಂಗಳು ನನ್ನ ಹತ್ತಿರ ಹಟ ಹಿಡಿದ್ಲು. ನೀನೂ ಒಂದ್ಸಲ ಮಾಡು, ಮಗನೂ ಕೇಳಿದ್ರೆ ಬೇಗ ಕೆಲಸ ಆಗುತ್ತೆ ಅಂತ. ಮಾಡಿದೆ. ಎಂಟು ವರ್ಷದಿಂದ ಏನೇನು ಹೇಳ್ಬೇಕು ಅಂತ ಮನಸ್ಸಲ್ಲಿ ಇಟ್ಕೊಂಡಿದ್ನೋ ಅದೆಲ್ಲ ಹೇಳೋಣ ಅಂತಲೇ ಮಾಡಿದೆ. ಆ ಕಡೆ ಒಬ್ಬ ಹುಡುಗ. ಅಮ್ಮನ ಹೆಸರು ಕೇಳಿದ ಕೂಡಲೇ ಗುರುತು ಹಿಡಿದ. ಅಮ್ಮ ಹೇಗಿದಾರೆ, ಔಷಧಿ ಸರಿಯಾಗಿ ಸಿಗ್ತಿದೆಯಾ ಅಂತ ಕೇಳಿದ.”

“ನೀನೇನಂದೆ?”

ಅವನು ಬದನೆಕಾಯಿಯನ್ನು ಎರಡು ಪಾಲು ಮಾಡಿ, ನನ್ನ ಪಾಲನ್ನು ನನ್ನ ಕಡೆ ತಳ್ಳಿದ.

“ಸಿಗ್ತಿದೆ, ತುಂಬಾ ಉಪಕಾರ ಆಯ್ತು ಅಂದೆ” ಎಂದ. “ಅವಳ ಇನ್ಸುಲಿನ್ ಇವತ್ತಿಗೂ ಆ ನಂಬರಿನಿಂದಲೇ ಬರೋದು.”